ಆರು ಜನ, ಒಂದು ಹಾಯಿ: ಮೇನ್ ಕರಾವಳಿಯ ಬೇಸಿಗೆ

(ಬಾಸ್ಟನ್ ಸುತ್ತಮುತ್ತಲಿನ ಕನ್ನಡಿಗರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಬಂದಿರುವವರಲ್ಲಿ ಕೆಲವರಿಗೆ ದೋಣಿ ಅಂದರೆ ಇಷ್ಟ. ಇನ್ನು ಕೆಲವರು ಬಂದಿರುವುದು ಬೇರೆ ಕಾರಣಕ್ಕೆ. ಕಂಪ್ಯೂಟರ್ ಕೆಲಸ ಸಾಕಾಗಿದೆ, ಒಂದು ಹಳೇ ಹಾಯಿದೋಣಿ ಕೊಂಡು ಪ್ರವಾಸಿಗರನ್ನು ಸುತ್ತಾಡಿಸಿ ಬದುಕೋಕಾಗುತ್ತಾ ಅಂತ ಕೇಳಬೇಕು. ಟೀ ಕುಡಿಯುವಾಗಲೇ ಮೂರ್ನಾಲ್ಕು ಜನ ಕೇಳಿಬಿಟ್ಟರು. ಹಾಗಾಗಿ ನೇರವಾಗಿ ಅದಕ್ಕೇ ಬರುತ್ತೇನೆ.

ನಾನು ಬೇಸಿಗೆಯಲ್ಲಿ ಪ್ರವಾಸಿಗರ ಹಾಯಿದೋಣಿ ನಡೆಸುವುದು ಮೇನ್ ರಾಜ್ಯದ ಪೆನಾಬ್‌ಸ್ಕಾಟ್ ಕೊಲ್ಲಿಯಲ್ಲಿ. ಬಾಸ್ಟನ್‌ನಿಂದ ಕಾರಿನಲ್ಲಿ ಉತ್ತರಕ್ಕೆ ಹೊರಟರೆ ನಾಲ್ಕು ಗಂಟೆಯೊಳಗೆ ರಾಕ್‌ಲ್ಯಾಂಡ್, ಅದರ ಪಕ್ಕದಲ್ಲೇ ಕ್ಯಾಮ್ಡನ್. ಕೊಲ್ಲಿಯ ತುಂಬ ದ್ವೀಪಗಳು. ಕಪ್ಪು ಹಸಿರಿನ ಸ್ಪ್ರೂಸ್ ಮರ, ಕೆಳಗೆ ಬೂದು ಗ್ರಾನೈಟ್ ಬಂಡೆ, ಅದರ ಕೆಳಗೆ ಮೈ ಕೊರೆಯುವ ನೀರು.

ಈ ಕಸುಬಿನಲ್ಲಿ ಒಂದು ವಿಷಯ ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ನಾವು ಗಿರಾಕಿಗೆ ಜಾಗ ಮಾರುವುದಿಲ್ಲ, ವೇಳೆ ಮಾರುತ್ತೇವೆ. "ಎರಡು ಗಂಟೆ ಸಮುದ್ರದ ಮೇಲೆ" ಅಂತ ಹೇಳಬಹುದು. "ನಾಲ್ಕು ದಿನ ಕೊಲ್ಲಿಯಲ್ಲಿ" ಅಂತಲೂ ಹೇಳಬಹುದು. "ಇಂಥ ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇವೆ" ಅಂತ ಮಾತ್ರ ಹೇಳಬಾರದು. ಹೇಳಿದ ದಿನವೇ ಗಾಳಿ ಆ ಕಡೆಯಿಂದ ಬೀಸುತ್ತದೆ. ಅಥವಾ ಮಂಜು ಇಳಿಯುತ್ತದೆ. ಆಗ ಮಾತು ಉಳಿಸಿಕೊಳ್ಳೋಕೆ ಹೋಗಿ ಮಾಡಬಾರದ ಕೆಲಸ ಮಾಡುತ್ತೀರಿ.

ಈ ಮಾದರಿ ಶುರುವಾಗಿದ್ದೇ ಕ್ಯಾಮ್ಡನ್‌ನಲ್ಲಿ. ಮೊದಲು ಈ ಕೊಲ್ಲಿಯಲ್ಲಿ ಸ್ಕೂನರ್‌ಗಳು, ಅಂದರೆ ಎರಡು ಮೂರು ಕಂಬದ ಹಾಯಿ ಹಡಗುಗಳು, ಸರಕು ಸಾಗಿಸುತ್ತಿದ್ದವು. ಸುಣ್ಣ, ಗ್ರಾನೈಟ್, ಮರ, ಸೌದೆ. ಲಾರಿ, ರಸ್ತೆ, ಎಂಜಿನ್ ಬಂದ ಮೇಲೆ ಅವು ಕೆಲಸವಿಲ್ಲದೆ ನಿಂತವು. 1936ರಲ್ಲಿ ಫ್ರಾಂಕ್ ಸ್ವಿಫ್ಟ್ ಎನ್ನುವವರು ಮೇಬಲ್ ಎಂಬ ಸ್ಕೂನರನ್ನು ಬಾಡಿಗೆಗೆ ಹಿಡಿದು, ಪಟ್ಟಣದ ಜನರನ್ನು ವಾರಗಟ್ಟಲೆ ಸುತ್ತಾಡಿಸೋಕೆ ಹೊರಟರು. ಮೊದಲ ಸಲ ಹತ್ತಿದ್ದು ಬಾಸ್ಟನ್‌ನ ಮೂವರು ಹೆಂಗಸರು ಮಾತ್ರ. ಆದರೂ ವ್ಯಾಪಾರ ನೆಲೆ ನಿಂತಿತು. ಆ ಕಾಲದ ಹಡಗುಗಳಲ್ಲಿ ಕೆಲವು ಇವತ್ತೂ ಓಡುತ್ತಿವೆ. ಸ್ಟೀಫನ್ ಟೇಬರ್ ಮತ್ತು ಲೂಯಿಸ್ ಆರ್. ಫ್ರೆಂಚ್, ಎರಡೂ 1871ರಲ್ಲಿ ನೀರಿಗಿಳಿದವು. ಎರಡರ ಹೊಟ್ಟೆಯಲ್ಲೂ ಎಂಜಿನ್ ಇಲ್ಲ. ಗಾಳಿ ನಿಂತುಹೋದರೆ ಹಿಂದೆ ಒಂದು ಸಣ್ಣ ಮೋಟಾರ್ ದೋಣಿ ಮೂಗು ಒತ್ತಿ ತಳ್ಳುತ್ತದೆ.

ಅವು ದೊಡ್ಡವರ ಆಟ. ನಮ್ಮದು ಆರು ಜನರ ದೋಣಿ.

ಯಾಕೆ ಆರು? ಅದು ಕಾನೂನು. ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದ ಪ್ರಕಾರ, ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯದ ದೋಣಿಯಲ್ಲಿ ದುಡ್ಡು ಕೊಟ್ಟು ಬರುವವರು ಆರಕ್ಕಿಂತ ಜಾಸ್ತಿ ಇರುವಂತಿಲ್ಲ. ದೋಣಿಯಲ್ಲಿ ಹತ್ತು ಜನ ಆರಾಮಾಗಿ ಕೂರುವಷ್ಟು ಜಾಗ ಇದ್ದರೂ ಅಷ್ಟೇ. ಏಳನೆಯವರು ಹತ್ತಿದ ತಕ್ಷಣ ನಿಮ್ಮದು ಬೇರೆ ವರ್ಗದ ದೋಣಿ. ಅದಕ್ಕೆ ಒಡಲಿನ ಪರೀಕ್ಷೆ, ಮಗುಚುವುದಿಲ್ಲ ಅನ್ನುವುದಕ್ಕೆ ಲೆಕ್ಕ, ಬೆಂಕಿ ಆರಿಸುವ ವ್ಯವಸ್ಥೆ, ವರ್ಷ ವರ್ಷ ತಪಾಸಣೆ. ಹಳೇ ದೋಣಿಯನ್ನು ಆ ಮಟ್ಟಕ್ಕೆ ತರುವ ಖರ್ಚಿನಲ್ಲಿ ಇನ್ನೊಂದು ದೋಣಿಯೇ ಬರಬಹುದು.

ಹಾಗಾಗಿ ನಿಮ್ಮ ಆದಾಯಕ್ಕೆ ಮೊದಲೇ ಒಂದು ಮುಚ್ಚಳ ಬಿದ್ದಿದೆ. ಒಂದು ಸುತ್ತಿನಲ್ಲಿ ಆರು ಟಿಕೆಟ್. ದಿನಕ್ಕೆ ಮೂರು ಸುತ್ತು: ಬೆಳಗ್ಗೆ, ಮಧ್ಯಾಹ್ನ, ಸಂಜೆ. ಸೀಸನ್ ಶುರುವಾಗುವುದು ಜೂನ್ ಮಧ್ಯಕ್ಕೆ. ಅಕ್ಟೋಬರ್ ಎರಡನೇ ಸೋಮವಾರದ ರಜೆಯ ಹೊತ್ತಿಗೆ ಮುಗಿದೇ ಹೋಗುತ್ತದೆ. ಅದರಲ್ಲೂ ಜನ ತುಂಬಿರುವುದು ಜುಲೈ, ಆಗಸ್ಟ್ ಎರಡೇ ತಿಂಗಳು. ಮಂಜು, ಮಳೆ, ಜೋರು ಗಾಳಿಗೆ ರದ್ದಾದ ದಿನಗಳನ್ನು ಅದರಲ್ಲೇ ಕಳೆಯಿರಿ. ಖರ್ಚಿಗೆ ಮಾತ್ರ ಸೀಸನ್ ಇಲ್ಲ. ವಿಮೆ, ದೋಣಿ ಕಟ್ಟುವ ಮೂರಿಂಗ್, ಚಳಿಗಾಲದಲ್ಲಿ ದಡದ ಮೇಲೆ ಇಡುವ ಬಾಡಿಗೆ, ತಳದ ಬಣ್ಣ, ಹಾಯಿ ರಿಪೇರಿ, ಎಲ್ಲ ಹನ್ನೆರಡು ತಿಂಗಳೂ ನಡೆಯುತ್ತವೆ. ಬರೀ ಇದನ್ನೇ ನಂಬಿಕೊಂಡು ಮನೆ ಸಾಲ ಕಟ್ಟುವವರು ತುಂಬಾ ಕಡಿಮೆ. ಹೆಚ್ಚಿನವರು ಚಳಿಗಾಲದಲ್ಲಿ ಬಡಗಿ ಕೆಲಸವನ್ನೋ, ಮೇಷ್ಟ್ರ ಕೆಲಸವನ್ನೋ ಮಾಡುತ್ತಾರೆ. ಕೆಲವರು ಕೆರಿಬಿಯನ್ ಕಡೆ ಹೋಗಿ ಬೇರೆಯವರ ದೋಣಿ ನಡೆಸುತ್ತಾರೆ.

ಈಗ ಗಾಳಿಯ ವಿಷಯ. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಇಡೀ ಕಸುಬು ಇದರ ಮೇಲೇ ನಿಂತಿದೆ.

ಮೇನ್‌ನ ಬೇಸಿಗೆ ಗಾಳಿ ನೈಋತ್ಯದ್ದು. ನಮ್ಮಲ್ಲಿ ಕುಂದಾಪುರ, ಹೊನ್ನಾವರ ಕಡೆಯವರಿಗೆ ನೈಋತ್ಯ ಅಂದರೆ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ಬಂದರಿನಲ್ಲಿ. ಇಲ್ಲಿ ಅದೇ ದಿಕ್ಕಿನ ಗಾಳಿ, ಅದೇ ತಿಂಗಳಲ್ಲಿ, ನಮಗೆ ಅನ್ನ ಕೊಡುತ್ತದೆ. ಬೆಳಗ್ಗೆ ಸಮುದ್ರ ಕನ್ನಡಿಯ ಹಾಗೆ ಇರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದರ ಮೇಲಿನ ಗಾಳಿ ಮೇಲೇರುತ್ತದೆ. ಆ ಜಾಗಕ್ಕೆ ತಣ್ಣನೆಯ ಕಡಲ ಗಾಳಿ ನುಗ್ಗುತ್ತದೆ. ಹನ್ನೊಂದು, ಹನ್ನೆರಡು ಗಂಟೆಗೆ ದೂರದ ನೀರು ಕಪ್ಪಾಗುತ್ತದೆ. ಅದು ಗಾಳಿ ಬರುತ್ತಿರುವ ಗುರುತು. ಮಧ್ಯಾಹ್ನ ಮೂರರ ಹೊತ್ತಿಗೆ ಹತ್ತು ಹದಿನೈದು ನಾಟ್ (ಗಂಟೆಗೆ ಸುಮಾರು ಹದಿನೆಂಟರಿಂದ ಇಪ್ಪತ್ತೆಂಟು ಕಿಲೋಮೀಟರ್), ಹಾಯಿದೋಣಿಗೆ ಹೇಳಿ ಮಾಡಿಸಿದ ಗಾಳಿ. ಸೂರ್ಯ ಇಳಿದಂತೆ ಅದೂ ಇಳಿಯುತ್ತದೆ.

ಅಂದರೆ ಮೂರು ಸುತ್ತುಗಳಿಗೆ ಒಂದೇ ಟಿಕೆಟ್ ದರ, ಆದರೆ ಮೂರೂ ಬೇರೆ ಬೇರೆ ಸಮುದ್ರ. ಫೋನಿನಲ್ಲಿ ಬುಕ್ ಮಾಡುವವರ ದನಿ ಕೇಳಿ ನಾನು ಹೊತ್ತು ಹೇಳುತ್ತೇನೆ. ಚಿಕ್ಕ ಮಕ್ಕಳಿದ್ದಾರೆ, ಅಜ್ಜಿ ಇದ್ದಾರೆ, ನೀರು ಕಂಡರೆ ಭಯ ಅಂದರೆ ಬೆಳಗ್ಗೆ ಬನ್ನಿ. ದೋಣಿ ಓಲಾಡುವುದು ನೋಡಬೇಕು, ಹಗ್ಗ ಎಳೆಯಬೇಕು ಅನ್ನುವವರು ಮಧ್ಯಾಹ್ನ. ಸಂಜೆಯ ಸುತ್ತಿಗೆ ಎಲ್ಲರಿಗಿಂತ ಮೊದಲು ಟಿಕೆಟ್ ಖಾಲಿ ಆಗುತ್ತದೆ, ಫೋಟೊ ಚೆನ್ನಾಗಿ ಬರುತ್ತದಲ್ಲ. ನಿಜ ಹೇಳಬೇಕೆಂದರೆ ಹಾಯಿಯ ಮಟ್ಟಿಗೆ ಅದೇ ಸಪ್ಪೆ. ಎಷ್ಟೋ ಸಂಜೆ ಕೊನೆಯ ಅರ್ಧ ಗಂಟೆ ಎಂಜಿನ್ ಹಾಕಿಕೊಂಡೇ ಬರಬೇಕು.

ಎರಡನೆಯದು ವಾಪಸ್ ಬರುವ ಲೆಕ್ಕ. ಈ ಕರಾವಳಿ ಹೆಚ್ಚುಕಡಿಮೆ ಈಶಾನ್ಯದ ಕಡೆ ಚಾಚಿದೆ. ನೈಋತ್ಯದ ಗಾಳಿ ಹಿಂದಿನಿಂದ ತಳ್ಳಿದರೆ ಪೂರ್ವಕ್ಕೆ ಹೋಗುವುದು ಭಾರೀ ಸುಲಭ. ದೋಣಿ ನೆಟ್ಟಗೆ ನಿಲ್ಲುತ್ತದೆ, ಗಾಳಿ ಮುಖಕ್ಕೆ ತಾಗುವುದಿಲ್ಲ, ಗಿರಾಕಿ ಕೋಟು ತೆಗೆದು ಹಾಕುತ್ತಾನೆ. "ಇನ್ನೂ ಸ್ವಲ್ಪ ಮುಂದೆ ಹೋಗೋಣ" ಅನ್ನುತ್ತಾನೆ. ತಿರುಗಿದ ಮೇಲೆ ಗೊತ್ತಾಗುತ್ತದೆ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗುವುದಿಲ್ಲ. ಅಂಕುಡೊಂಕಾಗಿ, ಒಮ್ಮೆ ಈ ಪಕ್ಕ ಒಮ್ಮೆ ಆ ಪಕ್ಕ ಹತ್ತಬೇಕು. ದಾರಿ ಉದ್ದವಾಗುತ್ತದೆ, ದೋಣಿ ವಾಲುತ್ತದೆ, ನೀರು ಎರಚುತ್ತದೆ. ಅದಕ್ಕೇ ನಾವು ಮೊದಲು ಕಷ್ಟದ ಕಡೆ ಹೋಗುತ್ತೇವೆ. ಜನರಿಗೆ ಹುಮ್ಮಸ್ಸು ಇರುವಾಗ ಗಾಳಿಗೆ ಎದುರು, ದಣಿದಾಗ ಗಾಳಿಯ ಜೊತೆ. ಎರಡು ಗಂಟೆಯ ಸುತ್ತಾದರೂ ಇದೇ ನಿಯಮ, ನಾಲ್ಕು ದಿನದ ಸುತ್ತಾದರೂ ಇದೇ.

ನಾಲ್ಕು ದಿನದ ಸುತ್ತಿನಲ್ಲಿ ಒಂದು ಜಾಗಕ್ಕೆ ಈ ಕಷ್ಟವೇ ಇಲ್ಲ. ಎಗ್ಗಮಾಗಿನ್ ರೀಚ್ ಅಂತ, ಡಿಯರ್ ಐಲ್ ದ್ವೀಪಕ್ಕೂ ನೆಲಕ್ಕೂ ನಡುವಿನ ಉದ್ದನೆಯ ಕಾಲುವೆಯಂಥ ನೀರು. ಅದು ವಾಯವ್ಯದಿಂದ ಆಗ್ನೇಯಕ್ಕೆ ಮಲಗಿದೆ. ಹಾಗಾಗಿ ನೈಋತ್ಯದ ಗಾಳಿ ಅಡ್ಡಕ್ಕೆ ಬೀಸುತ್ತದೆ. ಹೋಗುವಾಗಲೂ ಪಕ್ಕದ ಗಾಳಿ, ಬರುವಾಗಲೂ ಪಕ್ಕದ ಗಾಳಿ, ಹಾಯಿದೋಣಿ ಅತಿ ಹಗುರಾಗಿ ಓಡುವುದು ಹಾಗೇ. ಅಲ್ಲಿ 1939ರ ಒಂದು ತೂಗು ಸೇತುವೆ ಇದೆ, ನೀರಿನಿಂದ 85 ಅಡಿ ಎತ್ತರ. ನಮ್ಮ ಕಂಬ ಅದರ ಅರ್ಧವೂ ಇಲ್ಲ. ಆದರೂ ಅದರ ಕೆಳಗೆ ಹೋಗುವಾಗ ಎಲ್ಲರೂ ಮೇಲೆ ನೋಡಿ ಉಸಿರು ಹಿಡಿಯುತ್ತಾರೆ. ಕೆಳಗಿನಿಂದ ನೋಡಿದರೆ ಪ್ರತಿ ಸಲವೂ ಕಂಬ ತಾಗಿಯೇ ಬಿಡುತ್ತದೆ ಅನಿಸುತ್ತದೆ, ನನಗೂ.

ಅದೇ ನೈಋತ್ಯದ ಗಾಳಿ ಮಂಜನ್ನೂ ತರುತ್ತದೆ. ಗಲ್ಫ್ ಆಫ್ ಮೇನ್‌ನ ನೀರು ತಣ್ಣಗೆ. ಉತ್ತರದಿಂದ ಇಳಿಯುವ ಪ್ರವಾಹ ಒಂದು ಕಾರಣ. ಜೋರಾದ ಭರತ ಇಳಿತ ತಳದ ನೀರನ್ನು ಕಲಕಿ ಮೇಲೆ ತರುವುದು ಇನ್ನೊಂದು. ಜುಲೈನಲ್ಲೂ ನೀರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸು. ದಕ್ಷಿಣದಿಂದ ಬರುವ ಬೆಚ್ಚನೆಯ, ತೇವದ ಗಾಳಿ ಇದರ ಮೇಲೆ ಹಾದಾಗ ತಣಿದು ಮಂಜಾಗುತ್ತದೆ. ದಡದಲ್ಲಿ ಬಿಸಿಲು, ಜನ ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ. ಅರ್ಧ ಮೈಲಿ ಆಚೆ ಏನೂ ಕಾಣುವುದಿಲ್ಲ. ಆಗ ಗಿರಾಕಿಗೆ "ಇವತ್ತು ಹೋಗಲ್ಲ" ಅಂತ ಹೇಳುವುದೇ ಕ್ಯಾಪ್ಟನ್ ಕೆಲಸ. ಅವರು ಬಿಸಿಲಿನಲ್ಲಿ ನಿಂತು ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ದುಡ್ಡು ವಾಪಸ್ ಕೊಡಿ, ಅಥವಾ ನಾಳೆ ಬನ್ನಿ ಅನ್ನಿ. ವಾದ ಮಾಡಬೇಡಿ.

ನೀರಿನ ಮೇಲಿದ್ದಾಗಲೇ ಮಂಜು ಬಂದರೆ ಕಿವಿಯೇ ಕಣ್ಣು. ಹಾಯಿ ಹಾಕಿ ಹೋಗುವ ದೋಣಿ ಎರಡು ನಿಮಿಷ ಮೀರದಂತೆ ಒಂದು ಉದ್ದ, ಎರಡು ಗಿಡ್ಡ ಹಾರ್ನ್ ಊದಬೇಕು. ಎಂಜಿನ್ ಹಾಕಿ ಹೋಗುವವರದು ಬರೀ ಒಂದು ಉದ್ದ. ಮರದ ದೋಣಿ ಬೇರೆಯವರ ರಾಡಾರ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಕಂಬಕ್ಕೆ ಲೋಹದ ಪ್ರತಿಫಲಕ ಕಟ್ಟುತ್ತೇವೆ. ಗಿರಾಕಿಗಳನ್ನು ಸುಮ್ನೆ ಕೂರಿಸಬೇಡಿ. ಒಬ್ಬರಿಗೆ ಹಾರ್ನ್ ಕೊಡಿ, ಇಬ್ಬರನ್ನು ಮುಂದೆ ನಿಲ್ಲಿಸಿ ಕೇಳಿಸಿಕೊಳ್ಳೋಕೆ ಹೇಳಿ. ಕೆಲಸ ಕೊಟ್ಟರೆ ಹೆದರಿಕೆ ಕಡಿಮೆ. ರಾತ್ರಿ ತಂಗುವ ಸುತ್ತಾದರೆ ಲಂಗರು ಎತ್ತಲೇಬೇಡಿ. ಸಣ್ಣ ಸ್ಟೌವ್ ಹಚ್ಚಿ, ಅವಲಕ್ಕಿ ಒಗ್ಗರಣೆ ಹಾಕಿ. ನಾನು ಮಾಡುವುದು ಅದನ್ನೇ. ಮೇನ್‌ನ ಮಂಜಿನಲ್ಲಿ ಸಾಸಿವೆ ಕರಿಬೇವಿನ ವಾಸನೆ ಬಂದರೆ ಪಕ್ಕದ ದೋಣಿಯವರು ಕೂಗಿ ಕೇಳುತ್ತಾರೆ, ಏನದು ಅಂತ.

ಲಾಬ್‌ಸ್ಟರ್, ಅಂದರೆ ದೊಡ್ಡ ಕಡಲ ಸಿಗಡಿ, ಹಿಡಿಯುವ ಬೋನುಗಳ ಬಗ್ಗೆ ಹೇಳದೆ ಮೇನ್ ಕಥೆ ಮುಗಿಯುವುದಿಲ್ಲ. ಇಲ್ಲಿ ಒಬ್ಬ ಲೈಸೆನ್ಸ್ ಇರುವ ಮೀನುಗಾರ 800 ಬೋನುಗಳವರೆಗೆ ಇಡಬಹುದು. ತಳದಲ್ಲಿ ಬೋನು, ಅಲ್ಲಿಂದ ಹಗ್ಗ, ಮೇಲೆ ಬಣ್ಣ ಬಳಿದ ತೇಲುವ ಬೋಯ್. ಒಬ್ಬೊಬ್ಬರದು ಒಂದೊಂದು ಬಣ್ಣ, ಅದೇ ಬಣ್ಣದ ಗುರುತು ಅವರ ದೋಣಿಯ ಮೇಲೂ ಇರಬೇಕು. ಜುಲೈನಲ್ಲಿ ಕೊಲ್ಲಿಯ ಕೆಲವು ಕಡೆ ಬೋಯ್ ತಪ್ಪಿಸಿಕೊಂಡು ಹೋಗುವುದೇ ಕೆಲಸ. ಎಂಜಿನ್ ತಿರುಗುವಾಗ ಹಗ್ಗ ಪ್ರೊಪೆಲರ್‌ಗೆ ಸುತ್ತಿದರೆ ಆ ದಿನ ಮುಗಿಯಿತು. ಯಾರಾದರೂ ಚಾಕು ಹಿಡಿದು ತಣ್ಣೀರಿಗೆ ಇಳಿಯಬೇಕು. ಬೇಕಂತಲೇ ಬೇರೆಯವರ ಹಗ್ಗ ಕತ್ತರಿಸುವುದು ಅಪರಾಧ. ಅದಕ್ಕಿಂತ ದೊಡ್ಡದು, ಬಂದರು ಅವರದು. ಅವರು ಬೆಳಗಿನ ಜಾವ ಕೆಲಸಕ್ಕೆ ಹೋಗುವವರು, ನಾವು ಬೇಸಿಗೆಯ ನೆಂಟರು. ಧಕ್ಕೆಯಲ್ಲಿ, ಅಂದರೆ ದೋಣಿ ಹತ್ತಿ ಇಳಿಯುವ ಕಟ್ಟೆಯಲ್ಲಿ, ಅವರಿಗೆ ಮೊದಲು ದಾರಿ ಬಿಡಿ, ಕೈ ಎತ್ತಿ ನಮಸ್ಕಾರ ಮಾಡಿ. ನಿಮಗೆ ಎಂಜಿನ್ ಕೈಕೊಟ್ಟ ದಿನ ಮೊದಲು ಬರುವವರು ಅವರೇ. ಜೂನ್‌ನಿಂದ ಆಗಸ್ಟ್‌ವರೆಗೆ ಭಾನುವಾರ ಬೋನು ಎತ್ತುವಂತಿಲ್ಲ ಅನ್ನುವ ಕಾನೂನಿದೆ. ಹಾಗಾಗಿ ಸದ್ದು ಬೇಡ ಅನ್ನುವ ಗಿರಾಕಿಗಳಿಗೆ ನಾನು ಭಾನುವಾರ ಕೊಡುತ್ತೇನೆ.

ನಾನು ನಡೆಸುವ ದೋಣಿಯೂ ಒಂದು ಕಾಲಕ್ಕೆ ಲಾಬ್‌ಸ್ಟರ್ ಹಿಡಿಯೋಕೆ ಹುಟ್ಟಿದ ಜಾತಿಯದು. ಫ್ರೆಂಡ್‌ಶಿಪ್ ಸ್ಲೂಪ್. ಸ್ಲೂಪ್ ಅಂದರೆ ಒಂದೇ ಕಂಬದ ಹಾಯಿದೋಣಿ. ಮೇನ್‌ನ ಫ್ರೆಂಡ್‌ಶಿಪ್ ಎಂಬ ಊರಿನ ಸುತ್ತ 1800ರ ಕೊನೆಯ ದಶಕಗಳಲ್ಲಿ ಬೆಳೆದ ವಿನ್ಯಾಸ. ವಿಲ್ಬರ್ ಮೋರ್ಸ್ ಎನ್ನುವ ದೋಣಿ ಕಟ್ಟುವವರ ಹೆಸರು ಇದಕ್ಕೆ ಅಂಟಿಕೊಂಡಿದೆ. ಒಬ್ಬನೇ ಮನುಷ್ಯ ಹಾಯಿಯನ್ನೂ ನೋಡಿಕೊಂಡು ಬೋನನ್ನೂ ಎಳೆಯಬೇಕಿತ್ತು. ಅದಕ್ಕೇ ಹಿಂಭಾಗ ಅಗಲ, ಅಂಚು ನೀರಿಗೆ ಹತ್ತಿರ, ಕೈಬಿಟ್ಟರೂ ದೋಣಿ ತನ್ನ ದಾರಿ ಬಿಡುವುದಿಲ್ಲ. ಮೋಟಾರ್ ಬಂದ ಮೇಲೆ ಮೀನುಗಾರರು ಬಿಟ್ಟರು, ಹವ್ಯಾಸಿಗಳು ಹಿಡಿದುಕೊಂಡರು. ಆರು ಜನ ಗಿರಾಕಿಗಳ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದೋಣಿ ನಾನು ನೋಡಿಲ್ಲ. ಕೂರೋಕೆ ಅಗಲ ಜಾಗ, ನೀರು ಕೈಗೆ ಸಿಗುತ್ತದೆ, ಮತ್ತೆ ಉದ್ದ ಕೀಲ್, ಅಂದರೆ ತಳದ ಉದ್ದಕ್ಕೂ ಇಳಿದ ಏಣು, ಇರುವುದರಿಂದ ಬೋನಿನ ಹಗ್ಗ ಕೆಳಗೆ ಜಾರಿ ಹೋಗುತ್ತದೆ. ಮರದ ದೋಣಿಯ ಚಾಕರಿ ಮಾತ್ರ ಮುಗಿಯುವುದಿಲ್ಲ.

ನನ್ನನ್ನು ಕೇಳಿದರೆ ಅತಿ ಚೆಂದದ ತಿಂಗಳು ಸೆಪ್ಟೆಂಬರ್. ಮಂಜು ಕಡಿಮೆ, ವಾಯವ್ಯದ ಒಣ ಗಾಳಿ, ದೂರದ ಗುಡ್ಡವೂ ಕತ್ತರಿಸಿ ಇಟ್ಟಂತೆ ಕಾಣುತ್ತದೆ. ಆದರೆ ಅಷ್ಟರಲ್ಲಿ ಸ್ಕೂಲು ಶುರುವಾಗಿರುತ್ತದೆ, ಗಿರಾಕಿ ಇಲ್ಲ. ಚಂಡಮಾರುತದ ಕಾಲವೂ ಅದೇ. ಈಗ ಚಳಿಗಾಲದ ಬಿರುಗಾಳಿಯೂ ನಮ್ಮ ಲೆಕ್ಕಕ್ಕೆ ಬಂದಿದೆ. 2024ರ ಜನವರಿ 10 ಮತ್ತು 13ರ ಎರಡು ಬಿರುಗಾಳಿಗಳು ಈ ಕರಾವಳಿಯ ಎಷ್ಟೋ ಹಳೆಯ ಮರದ ಧಕ್ಕೆಗಳನ್ನು ಒಡೆದು ಹಾಕಿದವು. 13ರಂದು ಪೋರ್ಟ್‌ಲ್ಯಾಂಡ್‌ನಲ್ಲಿ ಭರತದ ನೀರು 14.57 ಅಡಿ ಮುಟ್ಟಿತು, ಅಲ್ಲಿ ಅಳೆದ ಅತಿ ಎತ್ತರ. ದೋಣಿಗಳು ಆಗ ದಡದ ಮೇಲಿದ್ದವು, ಸರಿ. ಆದರೆ ಗಿರಾಕಿ ಹತ್ತುವ ಧಕ್ಕೆಯೇ ಇಲ್ಲದಿದ್ದರೆ ದೋಣಿ ಇಟ್ಟುಕೊಂಡು ಏನು ಮಾಡುವುದು?

ಇಷ್ಟು ನನ್ನ ಮಾತು. ಆಮೇಲೆ ಪ್ರಶ್ನೆಗಳು.

ಮೊದಲು ಎದ್ದವರು ಮಗಳ ಮನೆಗೆ ಬಂದಿದ್ದ ಒಬ್ಬ ಹಿರಿಯರು. "ವಾಂತಿ ಬಂದರೆ ಏನು ಮಾಡೋದಪ್ಪಾ?"

"ಅಮ್ಮಾ, ಖಾಲಿ ಹೊಟ್ಟೇಲಿ ಬರಬೇಡಿ, ತುಂಬ ಉಂಡೂ ಬರಬೇಡಿ. ಕೆಳಗಿನ ಕೋಣೆಗೆ ಇಳಿಯಬೇಡಿ, ಫೋನ್ ನೋಡಬೇಡಿ. ದೂರದ ದಡ ನೋಡ್ತಾ ಇರಿ. ಜಾಸ್ತಿ ಆದ್ರೆ ಚುಕ್ಕಾಣಿ ನಿಮ್ಮ ಕೈಗೇ ಕೊಡ್ತೀನಿ. ದೋಣಿ ಎತ್ತ ವಾಲುತ್ತೆ ಅಂತ ಮೊದಲೇ ಗೊತ್ತಾದರೆ ತಲೆ ತಿರುಗೋದು ಕಡಿಮೆ."

"ನಾನು ಚುಕ್ಕಾಣಿ ಹಿಡಿದರೆ ಉಳಿದವರಿಗೆ ವಾಂತಿ ಬರುತ್ತೆ ಬಿಡು" ಅಂದರು. ಸಭೆ ನಕ್ಕಿತು.

ಶೌಚಾಲಯದ ಬಗ್ಗೆ ಒಬ್ಬರು ಮೆಲ್ಲಗೆ ಕೇಳಿದರು. ಇದೆ, ಕೈಪಂಪಿನದು. ಎಲ್ಲ ಟ್ಯಾಂಕಿಗೆ ಹೋಗಬೇಕು, ದಡದಿಂದ ಮೂರು ಮೈಲಿಯೊಳಗೆ ಸಮುದ್ರಕ್ಕೆ ಬಿಡುವಂತಿಲ್ಲ. ಎರಡು ಗಂಟೆಯ ಸುತ್ತಾದರೆ ಧಕ್ಕೆಯಲ್ಲೇ ಮುಗಿಸಿಕೊಂಡು ಬನ್ನಿ ಅಂತ ನಾನೇ ಹೇಳುತ್ತೇನೆ.

ಆಮೇಲೆ ನಾನು ಕಾಯುತ್ತಿದ್ದ ಪ್ರಶ್ನೆ ಬಂತು. ಲೈಸೆನ್ಸ್ ಹೇಗೆ?

ಆರು ಜನರ ಲೈಸೆನ್ಸಿಗೆ 360 ದಿನ ನೀರಿನ ಮೇಲೆ ಕಳೆದ ದಾಖಲೆ ಬೇಕು. ದಿನಕ್ಕೆ ಕನಿಷ್ಠ ನಾಲ್ಕು ಗಂಟೆ. ಅದರಲ್ಲಿ 90 ದಿನ ಇತ್ತೀಚಿನ ವರ್ಷಗಳದ್ದಾಗಿರಬೇಕು. ವಾರಕ್ಕೆ ಎರಡು ದಿನದಂತೆ ಬೇಸಿಗೆ ನಾಲ್ಕು ತಿಂಗಳು ಹೋದರೆ ವರ್ಷಕ್ಕೆ ಮೂವತ್ತೈದು ದಿನ ಸಿಕ್ಕಾವು. ಹತ್ತು ವರ್ಷ ಬೇಕು. ಜೊತೆಗೆ ಪರೀಕ್ಷೆ, ವೈದ್ಯಕೀಯ ತಪಾಸಣೆ, ಮಾದಕ ವಸ್ತು ಪರೀಕ್ಷೆ, ಪ್ರಥಮ ಚಿಕಿತ್ಸೆ. ಐದು ವರ್ಷಕ್ಕೊಮ್ಮೆ ನವೀಕರಣ.

"ಗ್ರೀನ್ ಕಾರ್ಡ್ ಇದ್ದರೆ ಸಾಕಾ?" ಅಂತ ಹಿಂದಿನ ಸಾಲಿನ ಹುಡುಗ ಕೇಳಿದ.

ಲೈಸೆನ್ಸಿಗೆ ಸಾಕು, ಆದರೆ ಕೋಸ್ಟ್ ಗಾರ್ಡ್‌ನಲ್ಲಿ ದಾಖಲಾಗದ ಸಣ್ಣ ದೋಣಿಗಳಿಗೆ ಮಾತ್ರ. ಅಂದರೆ ಐದು ನೆಟ್ ಟನ್ನಿಗಿಂತ ಕಡಿಮೆ ಇರುವವು (ಇದು ತೂಕವಲ್ಲ, ದೋಣಿಯ ಒಳಜಾಗದ ಅಳತೆ). ದೋಣಿಯ ಮಾಲೀಕರಾಗೋಕೆ ಬೇರೆ ಕಾನೂನು. ಅಮೆರಿಕದ ಒಂದು ಬಂದರಿನಿಂದ ದುಡ್ಡಿಗೆ ಜನರನ್ನು ಸಾಗಿಸುವ ದೋಣಿ ಅಮೆರಿಕದಲ್ಲೇ ಕಟ್ಟಿದ್ದಿರಬೇಕು, ಅದರ ಒಡೆಯ ಅಮೆರಿಕದ ಪ್ರಜೆಯಾಗಿರಬೇಕು. ಪ್ರಯಾಣಿಕರ ಹಡಗುಗಳಿಗೆ ಈ ನಿಯಮದ ಬೇರು 1886ರ ಕಾಯ್ದೆಯಲ್ಲಿದೆ. ಹೊರದೇಶದಲ್ಲಿ ಕಟ್ಟಿದ ಸಣ್ಣ ದೋಣಿಗೆ ಅರ್ಜಿ ಹಾಕಿ ವಿನಾಯಿತಿ ಪಡೆಯಬಹುದು. ಒಡೆತನದ ವಿಷಯದಲ್ಲಿ ಆ ವಿನಾಯಿತಿ ಇಲ್ಲ. ಫ್ರಾನ್ಸಿನಲ್ಲಿ ಕಟ್ಟಿದ ಚಂದದ ದೋಣಿಯ ಜಾಹೀರಾತು ನೋಡಿ ಮುಂಗಡ ಕೊಡುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ನನ್ನ ಹತ್ತಿರ ಇರುವುದೂ ಗ್ರೀನ್ ಕಾರ್ಡೇ. ನಾನು ಆ ಸ್ಲೂಪಿನ ಕ್ಯಾಪ್ಟನ್, ಒಡೆಯರು ಬೇರೆಯವರು. ಏಪ್ರಿಲ್‌ನಲ್ಲಿ ತಳ ಉಜ್ಜಿ ಬಣ್ಣ ಹೊಡೆಯೋಕೆ ಅವರಿಗೆ ಪ್ರತಿ ವರ್ಷ ಕೈ ಕಡಿಮೆ ಬೀಳುತ್ತದೆ. ಅದು ನೀರಿನ ದಿನದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ತಳ ಉಜ್ಜಿದವರನ್ನು ಅವರು ಜೂನ್‌ನಲ್ಲಿ ಸಹಾಯಕರಾಗಿ ದೋಣಿಗೆ ಹತ್ತಿಸಿಕೊಳ್ಳುತ್ತಾರೆ, ಆ ದಿನಗಳು ಲೆಕ್ಕಕ್ಕೆ ಬರುತ್ತವೆ. ಆಸೆ ಇರುವವರು ಊಟದ ಸಾಲಿನಲ್ಲಿ ನನಗೆ ಹೆಸರು ಕೊಡಿ. ಹಳೇ ಬಟ್ಟೆ ನೀವೇ ತರಬೇಕು.